ಪೆನ್ಸಿಲ್ ಮಾರಾಯ

ಕೊಲೆಗಾರ ಡ್ರೈವರ್ರು ಅಂತ ನನಗೆ 14ನೇ ಪುಟದಲ್ಲೇ ಗೊತ್ತಾಗೋಯ್ತು. ಕೊಲೆ ಇನ್ನೂ ಆಗಿರ್ಲೇ ಇಲ್ಲ, ಸಾಹುಕಾರರು ಆರಾಮಾಗಿ ಕಾಫಿ ಕುಡೀತಾ ಕೂತಿದ್ರು, ಅಷ್ಟರಲ್ಲಿ ಪುಟದ ಪಕ್ಕದ ಖಾಲಿ ಜಾಗದಲ್ಲಿ ಯಾರೋ ಪುಣ್ಯಾತ್ಮ ಪೆನ್ಸಿಲಲ್ಲಿ ಗುಂಡುಗುಂಡಗೆ ಬರೆದಿಟ್ಟಿದ್ದ, 'ಡ್ರೈವರ್ ಮೇಲೆ ಒಂದು ಕಣ್ಣಿಡಿ' ಅಂತ. ಯಾವ ಪುಸ್ತಕ, ಬರೆದೋರು ಯಾರು ಅಂತೆಲ್ಲ ಕೇಳ್ಬೇಡಿ, ರಟ್ಟು ಮತ್ತೆ ಮೊದಲ ನಾಲ್ಕು ಪುಟ ಗೆದ್ದಲಿನ ಹೊಟ್ಟೆ ಸೇರಿತ್ತು. ನಾನಾಗ ಏಳನೇ ಕ್ಲಾಸು. ಹೊಟ್ಟೆ ಉರೀತು, ಆದ್ರೂ ಬಿಡೋಕಾಗ್ದೆ ಓದಿದೆ, ಆ ಡ್ರೈವರ್ ಕಾರಿನ ಬಾಗಿಲು ತೆಗೆದ್ರೂ ಅನುಮಾನ, ಬೀಡಿ ಹಚ್ಚಿದ್ರೂ ಅನುಮಾನ. ಕೊನೆಗೆ ನೋಡಿದ್ರೆ ಕೊಲೆ ಮಾಡಿದ್ದು ಸಾಹುಕಾರರ ಅಕ್ಕನ ಮಗ! ಡ್ರೈವರ್ ಪಾಪ ಏನೂ ಮಾಡಿರ್ಲಿಲ್ಲ. ಪೆನ್ಸಿಲ್ ಹಿಡಿದ ಮಾರಾಯ ನನ್ನನ್ನ ನೂರು ಚಿಲ್ಲರೆ ಪುಟ ಮಂಗ ಮಾಡಿದ್ದ.

ಅವತ್ತಿಂದ ನನ್ನ ಓದು ಶುರುವಾಯ್ತು ಅಂತ್ಲೇ ಇಟ್ಕೊಳ್ಳಿ.

ನಮ್ಮೂರು ಸಾಗರದ ಕಡೆ. ಲೈಬ್ರರಿ ಅಂದ್ರೆ ಪಂಚಾಯ್ತಿ ಆಫೀಸ್ ಪಕ್ಕದ ಒಂದೇ ಒಂದು ರೂಮು, ಎರಡು ಕಬ್ಬಿಣದ ಬೀರು, ಒಂದು ಉದ್ದ ಬೆಂಚು, ಪೇಪರ್ ಓದೋ ಅಜ್ಜಂದಿರು ನಾಲ್ಕು ಜನ. ಈಗ ಅದಕ್ಕೆ 'ಅರಿವು ಕೇಂದ್ರ' ಅಂತ ಬೋರ್ಡ್ ಬಂದಿದೆ, ಕಂಪ್ಯೂಟರೂ ಬಂದಿದೆ, ಆಗ ಇದ್ದಿದ್ದು ಒಂದು ಟ್ಯೂಬ್‌ಲೈಟು, ಅದೂ ಕರೆಂಟಿದ್ರೆ. ಮಳೆಗಾಲದಲ್ಲಿ ಬೀರು ಬಾಗಿಲು ತೆಗೆದ್ರೆ ಬೂಷ್ಟಿನ ವಾಸನೆ ಗಪ್ ಅಂತ ಮುಖಕ್ಕೆ ಹೊಡೀತಿತ್ತು, ಜೂನಿಂದ ಸೆಪ್ಟೆಂಬರ್ ತನಕ ಪುಸ್ತಕಗಳ ಬೆನ್ನ ಮೇಲೆಲ್ಲ ಬೆಳ್ಳಗೆ ಪೌಡರ್ ಹಾಕ್ದಂಗೆ. ಅದನ್ನ ಒರೆಸೋಕೆ ಲೈಬ್ರರಿಯಣ್ಣ ಒಂದು ಹಳೇ ಬೈರಾಸ ಇಟ್ಟಿದ್ರು. ಮನೆ ಕಂದಾಯ ಕಟ್ಟುವಾಗ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಅಂತ ಸೇರಿಸಿ ತಗೋತಾರಲ್ಲ, 1965ರ ಕಾಯ್ದೆಯದ್ದು, ಅದನ್ನ ನೋಡಿದಾಗೆಲ್ಲ ಅಪ್ಪಯ್ಯ 'ಆ ಬೈರಾಸಕ್ಕೆ ನಮ್ಮ ದುಡ್ಡೂ ಹೋಗಿದೆ ಕಾಣು' ಅಂತಿದ್ರು.

ಪುಸ್ತಕಗಳನ್ನ ವಿಂಗಡಿಸಿ ಇಡೋ ಪದ್ಧತಿ ಏನೋ ಇತ್ತು ಅನ್ಸುತ್ತೆ. ಬೆನ್ನ ಮೇಲೆ 894.814 ಅಂತ ಚೀಟಿ ಅಂಟಿಸಿರ್ತಿದ್ರು, ಡ್ಯೂಯಿ ಲೆಕ್ಕದಲ್ಲಿ ಕನ್ನಡ ಸಾಹಿತ್ಯದ ನಂಬರ್ ಅದು ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, ಆಗ ನಾನು ಅದನ್ನ ಪುಸ್ತಕದ ರೇಟು ಅಂದ್ಕೊಂಡು ಇಷ್ಟು ದುಬಾರಿ ಪುಸ್ತಕಾನ ಬಿಟ್ಟಿ ಕೊಡ್ತಾರಲ್ಲ ಅಂತ ಖುಷಿಪಟ್ಟಿದ್ದೆ. ಆ ನಂಬರ್ ಚೀಟಿ ಮೊದಲನೇ ಮಳೆಗಾಲದಲ್ಲೇ ಉದುರಿ ಹೋಗೋದು. ಆಮೇಲೆ ಪಾಕಪುಸ್ತಕದ ಪಕ್ಕ ಮಹಾಕಾವ್ಯ, ಅದರ ಪಕ್ಕ ಜೇನು ಸಾಕಣೆ, ಅದರ ಪಕ್ಕ ಭೂತದ ಕಥೆ. ಏನು ಹುಡುಕಬೇಕು ಅಂತ ಹೇಳೋಕೆ ಯಾರೂ ಇಲ್ಲ. ಹಾಗಾಗಿ ನಾನೊಂದು ಉಪಾಯ ಮಾಡ್ಕೊಂಡೆ, ಪುಸ್ತಕ ತೆಗೆದು ಬೆರಳಲ್ಲಿ ಫರ್ ಅಂತ ಪುಟ ಹಾರಿಸೋದು, ಆ ಗುಂಡು ಅಕ್ಷರ ಎಲ್ಲಾದ್ರೂ ಕಂಡ್ರೆ ಮನೆಗೆ ತರೋದು, ಕಾಣ್ದಿದ್ರೆ ವಾಪಸ್ ಇಡೋದು. ಪೆನ್ಸಿಲ್ ಮಾರಾಯ ಓದಿದ್ದಾನೆ ಅಂದ್ರೆ ಏನೋ ಇದೆ ಅಂತ ಅರ್ಥ.

ಮೊದಲೆರಡು ವರ್ಷ ಬರೀ ಪತ್ತೇದಾರಿನೇ. ಎನ್. ನರಸಿಂಹಯ್ಯನವರು ನೂರಾರು ಬರೆದಿದ್ರಿಂದ ಕಚ್ಚಾ ಮಾಲಿಗೇನೂ ಕೊರತೆ ಇರ್ಲಿಲ್ಲ. ಅಮ್ಮನಿಗೆ ಬೇಕಾಗಿದ್ದು ಬೇರೆ, ಸಂಜೆ ಹೊರಟ್ರೆ ಒಳಗಿಂದ ಕೂಗೋಳು, 'ಸಾಯಿಸುತೆದು ಹೊಸ್ದು ಬಂದಿದ್ರೆ ತಗೊಂಡು ಬಾರಾ, ಓದಿದ್ದನ್ನೇ ತರಬೇಡ' ಅಂತ. ಒಂದಿನ ಸಾಯಿಸುತೆ ಸಿಗ್ದೆ ತ್ರಿವೇಣಿಯವರ ಶರಪಂಜರ ತಂದೆ. ದಾರೀಲಿ ಬರ್ತಾ ಪುಟ ಹಾರಿಸಿದ್ರೆ, ಅರೆ, ನಮ್ಮ ಮಾರಾಯ ಇಲ್ಲೂ ಇದಾನೆ! ಹೆಂಡತಿಗೆ ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದ್ಮೇಲೆ ಗಂಡ ಆಡೋ ಮಾತು ಬರೋ ಕಡೆಯೆಲ್ಲ 'ಥೂ', 'ಥೂ', ಒಂದ್ಕಡೆ ಬರೀ ಗೀಟು, ಪೆನ್ಸಿಲ್ ಒತ್ತಿ ಒತ್ತಿ ಹಿಂದಿನ ಪುಟಕ್ಕೂ ಉಬ್ಬು ಬಂದಿದೆ. ಹೆಂಗಸರ ಪುಸ್ತಕ ಅಂತ ನಾನು ಮುಟ್ಟದೇ ಇದ್ದಿದ್ದು, ಅವತ್ತು ಅಮ್ಮನಿಗೂ ಕೊಡ್ದೆ ಅಟ್ಟ ಹತ್ತಿ ಕೂತು ಓದಿದೆ. ತ್ರಿವೇಣಿ 1963ರಲ್ಲಿ ತೀರ್ಕೊಂಡಾಗ ಅವರಿಗೆ 35 ಕೂಡ ತುಂಬಿರ್ಲಿಲ್ಲ ಅಂತ ಆಮೇಲೆ ಗೊತ್ತಾಗಿ ಒಂಥರಾ ಆಯ್ತು, ಅಷ್ಟು ಚಿಕ್ಕ ವಯಸ್ಸಿಗೆ ಅಷ್ಟೊಂದು ಜನರ ಮನಸ್ಸಿನೊಳಗೆ ಹೋಗಿಬಂದಿದ್ರಲ್ಲ ಅಂತ.

ಆಮೇಲೆ ಹುಲಿ ಬಂತು. ಕೆನೆತ್ ಆಂಡರ್ಸನ್‌ನ ಶಿಕಾರಿ ಕಥೆಗಳನ್ನ ತೇಜಸ್ವಿ ಭಾವಾನುವಾದ ಮಾಡಿದ್ದು. ಶಿಕಾರಿ ಅಂದ್ರೆ ಆಫ್ರಿಕಾನೋ ಇನ್ನೆಲ್ಲೋ ಅಂತ ಓದೋಕೆ ಕೂತ್ರೆ ಈ ಮನುಷ್ಯ ಕುಂಸಿ, ಚೋರಡಿ, ಆನಂದಪುರ ಅಂತೆಲ್ಲ ನಮ್ಮ ಬಸ್ಸಿನ ಬೋರ್ಡಿನ ಹೆಸರು ಹೇಳ್ತಿದಾನೆ! 1954ರ ಅವನ ಮೊದಲ ಇಂಗ್ಲಿಷ್ ಪುಸ್ತಕದಲ್ಲೇ ತ್ಯಾಗರ್ತಿ ಹುಲಿಗಳ ಮೇಲೆ ಒಂದು ಅಧ್ಯಾಯ ಇದೆ. ಚೋರಡಿ ಅಂತ ಅಚ್ಚಾಗಿರೋ ಕಡೆ ಮಾರಾಯ ಅಡಿಗೀಟು ಎಳೆದು ಬರೆದಿದ್ದ, 'ಈಗ ಇಲ್ಲಿ ಬಸ್ ಸ್ಟಾಪು, ಬಜ್ಜಿ ಚೆನ್ನಾಗಿರುತ್ತೆ'. ಹಾಗಂತ ಬಜ್ಜಿ ತಿನ್ನೋಕೆ ಇಳೀಲಿಲ್ಲ, ಆದ್ರೆ ಅದಾದ್ಮೇಲೆ ಶಿವಮೊಗ್ಗಕ್ಕೆ ಹೋಗುವಾಗೆಲ್ಲ ಆನಂದಪುರ ದಾಟ್ತಿದ್ದಂಗೆ ಕಿಟಕಿ ಪಕ್ಕ ಜರುಗಿ ಕೂತು ಮರದ ಸಂದೀಲಿ ನೋಡೋದು ಅಭ್ಯಾಸ ಆಯ್ತು. ಹುಲಿ ಕಾಣ್ಲಿಲ್ಲ, ವಾಂತಿ ಮಾಡೋರು ಕಿಟಕಿ ಕೇಳಿ ಎಬ್ಬಿಸ್ತಿದ್ರು.

ಆ ಹುಲಿ ಕಥೆಗಳ ರಟ್ಟಿನ ಮೇಲೆ ತೇಜಸ್ವಿ ಅಂತ ಹೆಸರಿತ್ತಲ್ಲ, ಅದೇ ಹೆಸರಿನ ಇನ್ನೊಂದು ಪುಸ್ತಕ ಜೇನು ಸಾಕಣೆ ಪಕ್ಕದಲ್ಲೇ ಇತ್ತು, ಕರ್ವಾಲೊ. ಜೇನು ಸಾಕೋದು ಹೇಗೆ ಅಂತ ಹೇಳೋ ಪುಸ್ತಕ ಅಂತ ಯಾರೋ ಅಲ್ಲಿ ಇಟ್ಟಿರಬೇಕು, ತಪ್ಪೇನಿಲ್ಲ, ಅದರಲ್ಲಿ ಬರೋ ಮಂದಣ್ಣ ಜೇನು ಸಾಕ್ತಾನಲ್ಲ. 1980ರ ಆ ಕಾದಂಬರೀಲಿ ಎಲ್ರೂ ಒಂದು ಹಾರೋ ಓತಿಕ್ಯಾತ ಹುಡುಕ್ಕೊಂಡು ಕಾಡು ಸುತ್ತುತಾರೆ ಅಂತ ನಾನು ಅಪ್ಪಯ್ಯನಿಗೆ ಹೇಳಿದ್ರೆ, ಅಪ್ಪಯ್ಯ ತೋಟದಿಂದ ಬಂದು ಕಾಲಿಗೆ ಹತ್ತಿದ ಇಂಬಳ ಕೀಳ್ತಾ ಕೂತಿದ್ರು, ತಲೆ ಎತ್ತದೇನೇ 'ಅದನ್ನ ಹುಡುಕೋಕೆ ಎಂತಕ್ಕೆ ಅಷ್ಟು ದೂರ ಹೋಗ್ಬೇಕು, ನಮ್ಮ ತೋಟದಲ್ಲೇ ಮರದಿಂದ ಮರಕ್ಕೆ ಹಾರುತ್ತಲ್ಲ' ಅಂದ್ರು. ಅಷ್ಟು ದಿನ ನನಗೆ ತೋರಿಸಿರ್ಲಿಲ್ಲ! ಕೇಳಿದ್ರೆ 'ನೀ ಕೇಳ್ಲಿಲ್ಲ' ಅಂತ ಉತ್ತರ. ಅಪ್ಪಯ್ಯನೂ ಆ ಪುಸ್ತಕ ಓದಿದ್ರು, ಅವರು ಜೀವಮಾನದಲ್ಲಿ ಪೂರ್ತಿ ಓದಿದ ಕಾದಂಬರಿ ಅದೊಂದೇ, ಓದಿ ಮುಗಿಸಿ ಪ್ಯಾರನ ಬಗ್ಗೆ ಎರಡು ದಿನ ನಗ್ತಾ ಇದ್ರು.

ಕವನ ನನ್ನಿಂದ ಆಗ್ತಿರ್ಲಿಲ್ಲ. ಈಗ್ಲೂ ಸ್ವಲ್ಪ ಕಷ್ಟವೇ, ಎರಡು ಸಾಲಿಗೊಂದ್ಸಲ ನನ್ನನ್ನ ಯಾರೋ ಪರೀಕ್ಷೆ ಮಾಡ್ತಿದಾರೆ ಅನ್ಸುತ್ತೆ. ಆದ್ರೂ ಒಂದು ಸಂಕಲನದಲ್ಲಿ ಗುಂಡು ಅಕ್ಷರ ಕಂಡ್ತು ಅಂತ ತಂದೆ. ತೆಗೆದು ನೋಡಿದ್ರೆ ಕವನದ ಬಗ್ಗೆ ಒಂದಕ್ಷರ ಇಲ್ಲ, ಅಡಿಕೆ ಲೆಕ್ಕ! ರಾಶಿ 3 ಚೀಲ, ಬೆಟ್ಟೆ 1, ಗೊರಬಲು 2, ಅದರಲ್ಲಿ ಅಡಿಕೆಗೆ ಬರೋ ಕೊಳೆರೋಗದ ಔಷಧಿ ಹೊಡೆಸಿದ ಕೂಲಿ ಕಳೆದು, ಮೈಲುತುತ್ತದ ಬಾಕಿ ಕಳೆದು, ಕೊನೆ ತೆಗೆದವನಿಗೆ ಕೊಡೋದು ಕಳೆದು, ಉಳಿದ ಮೊತ್ತದ ಕೆಳಗೆ ಎರಡು ಗೀಟು, ಪಕ್ಕದಲ್ಲಿ 'ಇಷ್ಟೇಯ?' ಅಂತ. ಎದುರು ಪುಟದಲ್ಲಿ ಮುಂಗಾರಿನ ಮೇಲೆ ಬಹಳ ಚಂದದ ಕವನ, ಮಣ್ಣಿನ ವಾಸನೆ, ನವಿಲು ಎಲ್ಲ ಇತ್ತು. ಈ ಪುಟದಲ್ಲಿ ಅದೇ ಮಳೆಗೆ ಕೊಳೆ ಬಂದ ಲೆಕ್ಕ. ಎರಡನ್ನೂ ಒಟ್ಟಿಗೆ ಓದಿದೆ, ಅವತ್ತು ಮೊದಲನೇ ಸಲ ಒಂದು ಕವನ ನನಗೆ ಅರ್ಥ ಆಯ್ತು ಅನ್ನಿಸ್ತು, ಕವಿಗಳಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೇನೋ.

ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಮಾತ್ರ ಮಾರಾಯನ ಗುರುತು ಕಾಣದೇನೇ ತಂದಿದ್ದು, ಎರಡು ಸಲ ಅರ್ಧಕ್ಕೇ ಬಿಟ್ಟೆ. ಒಂದು ಇಟ್ಟಿಗೆ ದಪ್ಪ, ಮೊದಲ ನೂರು ಪುಟದಲ್ಲೇ ಅಷ್ಟೊಂದು ಜನ ಬಂದುಹೋಗ್ತಾರೆ, ಯಾರು ಯಾರ ಮನೆಯವ್ರು ಅಂತ ಗೊತ್ತಾಗೋಷ್ಟರಲ್ಲಿ ವಾಪಸ್ ಕೊಡೋ ತಾರೀಕು. ಮೂರನೇ ಸಲ ಒಂದು ಆಷಾಢದಲ್ಲಿ, ಕರೆಂಟ್ ಹೋಗಿ ಆರು ದಿನ ಆಗಿತ್ತು, ಶಾಲೆಗೆ ಮಳೆ ರಜೆ, ಬೇರೆ ದಾರಿ ಇರ್ಲಿಲ್ಲ. ಚಿಮಣಿ ದೀಪದ ಹತ್ರ ಕೂತು ಓದ್ತಾ ಹೋದೆ, ನಿಧಾನಕ್ಕೆ ಗುತ್ತಿ, ಅವನ ನಾಯಿ ಹುಲಿಯ, ಎಲ್ರೂ ನಮ್ಮ ಕೇರಿಯವ್ರೇ ಅನ್ನೋ ಹಂಗಾಯ್ತು. ಇಡೀ ಪುಸ್ತಕದಲ್ಲಿ ಮಾರಾಯ ಎಲ್ಲೂ ಏನೂ ಬರೆದಿರ್ಲಿಲ್ಲ, ಓದೇ ಇಲ್ವೇನೋ ಅಂದ್ಕೊಂಡೆ. ಕೊನೆಗೆ ತುಂಬಿದ ತುಂಗೇಲಿ ಹುಲಿಯ ಕೊಚ್ಚಿಹೋಗೋ ಜಾಗಕ್ಕೆ ಬಂದ್ರೆ ಪಕ್ಕದಲ್ಲಿ ಒಂದು ಸಣ್ಣ ಚುಕ್ಕಿ. ಪೆನ್ಸಿಲ್ ತುದಿ ಇಟ್ಟು, ಏನೋ ಬರೆಯೋಕೆ ಹೋಗಿ, ಬರೀದೇ ಎತ್ತಿದ ಥರ. 1967ರಿಂದ ಆ ಕಾದಂಬರಿ ಬಗ್ಗೆ ಎಷ್ಟು ಜನ ಎಷ್ಟೆಲ್ಲ ಬರೆದಿದಾರೆ, ಸುಮಾರು ಓದಿದೀನಿ ನಾನೂ, ಆ ಚುಕ್ಕಿಯಷ್ಟು ನನಗೆ ತಾಗಿದ್ದು ಕಡಿಮೆ.

ಹೀಗೆ ನಡೀತಿರುವಾಗ ಫಣಿಯಮ್ಮ ಬಂದ್ಳು. ತೀರ್ಥಹಳ್ಳಿಯ ಎಂ. ಕೆ. ಇಂದಿರಾ, 1917ರಲ್ಲಿ ಹುಟ್ಟಿದವರು, ಬರೆಯೋಕೆ ಕೂತಿದ್ದೇ ನಲವತ್ತು ದಾಟಿದ ಮೇಲೆ. ಬಾಲವಿಧವೆ ಫಣಿಯಮ್ಮನ ತಲೆ ಬೋಳಿಸೋ ಭಾಗದ ಪಕ್ಕ ಅದೇ ಗುಂಡು ಅಕ್ಷರದಲ್ಲಿ ಬರೆದಿತ್ತು, 'ನಮ್ಮ ಅಜ್ಜಿಗೂ ಹೀಗೇ. ಕೆಂಪು ಸೀರೆ. ತಲೆ ಮುಟ್ಟೋಕೆ ಬಿಡ್ತಿರ್ಲಿಲ್ಲ'. ನಾನು ಅಮ್ಮನಿಗೆ ತೋರಿಸಿ, 'ನೋಡು, ಪಾಪ ಅವನ ಮನೇಲೂ ಹಿಂಗೇ ಆಗಿತ್ತಂತೆ' ಅಂದೆ. ಅಮ್ಮ ಮೆಟ್ಟುಗತ್ತಿ ಮೇಲೆ ಕಾಲು ಮಡಚಿ ಕೂತು ಅಡಿಕೆ ಸುಲೀತಿದ್ಲು, ಪುಸ್ತಕ ಇಸ್ಕೊಂಡು ಬೆಳಕಿಗೆ ಹಿಡಿದು ಓದಿ, ವಾಪಸ್ ಕೊಟ್ಟು, 'ಅವನು ಅಂತ ನಿನಗೆ ಯಾರು ಹೇಳಿದ್ದು?' ಅಂದ್ಲು.

ಯಾರೂ ಹೇಳಿರ್ಲಿಲ್ಲ. ಆರು ವರ್ಷ ಒಬ್ಬ ಮನುಷ್ಯನ ಹಿಂದೆ ಸುತ್ತಿದ್ದೆ, ಗಂಡಸು ಅಂತ ನಾನೇ ಮೀಸೆ ಬರ್ಕೊಂಡಿದ್ದೆ. ಶರಪಂಜರದ 'ಥೂ'ಗಳನ್ನ ನೆನಪು ಮಾಡ್ಕೊಂಡೆ. ಆದ್ರೆ ಅಡಿಕೆ ಲೆಕ್ಕ? ಅದನ್ನೂ ಕೇಳಿದೆ. ಅಮ್ಮ ನಕ್ಕು, 'ಯಾಕೆ, ನಮ್ಮನೆ ಲೆಕ್ಕ ಬರೆಯೋದು ನಿಮ್ಮ ಅಪ್ಪಯ್ಯನಾ?' ಅಂದ್ಲು. ಅಲ್ಲ ಅಂತ ನಮ್ಮೂರಿಗೇ ಗೊತ್ತು. ಒಂದು ಕ್ಷಣ ಅಮ್ಮನ ಮೇಲೇ ಅನುಮಾನ ಬಂತು, ಆದ್ರೆ ಅಮ್ಮನ ಅಕ್ಷರ ಕೋಳಿ ಕೆರೆದಂಗೆ.

ಲೈಬ್ರರಿಯಣ್ಣನ್ನ ಕೇಳಿದೆ. ಅವರು ಕನ್ನಡಕ ಇಳಿಸಿ, 'ನಂಗೂ ಬೇಕಾಗಿದಾರೆ ಅವ್ರು, ಸಿಕ್ಕಿದ್ರೆ ಹೇಳಾ, ದಂಡ ಹಾಕಕ್ಕುಂಟು' ಅಂದ್ರು. ಪುಸ್ತಕದ ಹಿಂದಿನ ಚೀಟೀಲಿ ಬರೀ ತಾರೀಕು ಇರುತ್ತೆ, ಹೆಸರಿರಲ್ಲ. ರಿಜಿಸ್ಟರ್ ನೋಡ್ಲಾ ಅಂದಿದ್ದಕ್ಕೆ ಹಳೇ ರಿಜಿಸ್ಟರ್ ಸೋರೋ ಮೂಲೇಲಿತ್ತು, ಗಂಜಿ ಆಗೋಯ್ತು ಅಂದ್ರು.

ಆಮೇಲೆ ಕಾಲೇಜಿಗೆ ಅಂತ ಶಿವಮೊಗ್ಗ ಸೇರಿದೆ. ಅಲ್ಲಿ ಪುಸ್ತಕಕ್ಕೇನು ಬರ, ಅಂಗಡಿಗಳಿದ್ವು, 1930ರಿಂದ ನಡ್ಕೊಂಡು ಬಂದಿರೋ ಕರ್ನಾಟಕ ಸಂಘ ಇತ್ತು, ಹೆಗ್ಗೋಡಿನ ತಿರುಗಾಟದವರು ನಾಟಕ ಆಡೋಕೆ ಬರೋರು. ಒಂದ್ಸಲ ನಾಟಕ ಮುಗಿದ್ಮೇಲೆ ಹೊರಗೆ ಮೇಜಿನ ಮೇಲೆ ಅಕ್ಷರ ಪ್ರಕಾಶನದ ಪುಸ್ತಕ ಹರಡಿದ್ರು, ನಾಟಕಾನ ಕೂತು ಓದಬಹುದು ಅಂತ ನನಗೆ ಅಲ್ಲೀತನಕ ಹೊಳೆದಿರ್ಲಿಲ್ಲ, ಪಾತ್ರ ಮಾಡೋರಿಗೆ ಮಾತ್ರ ಅಂದ್ಕೊಂಡಿದ್ದೆ. ಒಂದು ತಗೊಂಡೆ. ರೂಮಿಗೆ ಬಂದು ಪುಟ ಹಾರಿಸಿದೆ. ಎಲ್ಲ ಬಿಳೀ. ಹೊಸ ಪುಸ್ತಕ ಅಲ್ವಾ, ಇನ್ನೇನಿರುತ್ತೆ, ಆದ್ರೂ ಖಾಲಿ ಮನೆಗೆ ಬಂದಂಗಾಯ್ತು. ಈಗ ಫೋನು ಇದೆ, ನೀವು ಇದನ್ನ ಓದಿದ್ದೀರಿ ಹಾಗಾಗಿ ಇದೂ ಇಷ್ಟ ಆಗಬಹುದು ಅಂತ ತೋರಿಸುತ್ತೆ. ಹುಲಿ ಪುಸ್ತಕ ತಗೊಂಡ್ರೆ ಇನ್ನೂ ಎಂಟು ಹುಲಿ ತೋರಿಸುತ್ತೆ. ಹುಲಿಯಿಂದ ಓತಿಕ್ಯಾತಕ್ಕೆ, ಅಲ್ಲಿಂದ ಅಡಿಕೆ ಲೆಕ್ಕಕ್ಕೆ, ಅಲ್ಲಿಂದ ಫಣಿಯಮ್ಮನಿಗೆ ಕರ್ಕೊಂಡು ಹೋಗೋಕೆ ಅದಕ್ಕೆ ಬರಲ್ಲ, ಮತ್ತೆ ಅದು ಸುಳ್ಳೂ ಹೇಳಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಲೈಬ್ರರಿಗೆ ಹೋಗಿದ್ದೆ. ರೂಮಿಗೆ ಹೊಸ ಬಣ್ಣ, ಹೊಸ ಹುಡುಗಿ ಕೆಲಸಕ್ಕೆ ಬಂದಿದಾಳೆ, ನನ್ನನ್ನ 'ಅಂಕಲ್' ಅಂದ್ಲು, ಇರ್ಲಿ. ನಾ. ಡಿಸೋಜರ ಪುಸ್ತಕಗಳನ್ನ ಒಂದು ಸಾಲಾಗಿ ಜೋಡಿಸಿದ್ರು, ನಮ್ಮ ಸಾಗರದವರೇ, ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ ಊರುಗಳ ಕಥೆ ಬರೆದವರು. ದ್ವೀಪ ತೆಗೆದೆ, ಮಾರ್ಕಿಲ್ಲ. ಅದರ ಪಕ್ಕ ಒಂದು ಪತ್ತೇದಾರಿ, ಈಚೆಗೆ ಬಂದಿದ್ದು, ಇನ್ನೂ ಅಂಟಿನ ವಾಸನೆ ಹೋಗಿರ್ಲಿಲ್ಲ. ಅಭ್ಯಾಸಬಲ, ಫರ್ ಅಂತ ಹಾರಿಸಿದೆ. 9ನೇ ಪುಟದಲ್ಲಿ, ಅಕ್ಷರ ಸ್ವಲ್ಪ ನಡುಗಿದೆ, ಆದ್ರೆ ಅದೇ ಗುಂಡು: 'ಡಾಕ್ಟರ್ ಮೇಲೆ ಒಂದು ಕಣ್ಣಿಡಿ'.

ನಾನೀಗ ಏಳನೇ ಕ್ಲಾಸಲ್ಲ. ಈ ಸಲ ಮಂಗ ಆಗೋಕೆ ನಾನು ತಯಾರಿಲ್ಲ ಅಂತ ಡಾಕ್ಟರನ್ನ ಪೂರ್ತಿ ಬಿಟ್ಟು ಉಳಿದವರೆಲ್ಲರ ಮೇಲೂ ಕಣ್ಣಿಟ್ಕೊಂಡು ಹಬ್ಬದ ಮೂರು ದಿನ ಕೂತು ಓದಿದೆ, ಲಾಯರ್ ಇರಬೇಕು ಅಂತ ನೂರನೇ ಪುಟಕ್ಕೇ ತೀರ್ಮಾನ ಮಾಡಿ ಹೆಂಡತಿ ಹತ್ರ ಹೇಳ್ಕೊಂಡೂ ಆಗಿತ್ತು.

ಡಾಕ್ಟರೇ.