ಚಾದಲ್ಲಿ ಹುಲ್ಲು

ಬೆಳಿಗ್ಗೆ ಚಾ ಲೋಟದಲ್ಲಿ ಹಸಿರು ಎಳೆಯೊಂದು ತೇಲುತ್ತಿತ್ತು. ಹೆಂಡತಿ ನೋಡುವ ಮೊದಲೇ ಕುಡಿದುಬಿಟ್ಟೆ. ಅವಳ ಲೋಟದಲ್ಲಿ ಮೂರಿದ್ದವು.

"ಜರಡಿ ಮತ್ತೆ ತಗಂಡು ಹೋಗಿದ್ರಾ?"

ಹೋಗಿದ್ದೆ. ಮಾದರಿ ರೈಲಿನ ಹುಚ್ಚು ನನಗೆ. ಹಲಗೆಯ ಮೇಲೆ ಕುಮಟೆಯ ಹತ್ತಿರದ ಒಂದು ಹಳಿಯಂಚು ಮಾಡುತ್ತಿದ್ದೇನೆ, 87ರಲ್ಲಿ ಒಂದು ಪಾಲಿನ ಅಳತೆಗೆ. ಹೊನ್ನಾವರದ ಶರಾವತಿ ಸೇತುವೆಯನ್ನೇ ಮಾಡುವ ಆಸೆಯಿತ್ತು. 2065 ಮೀಟರಿನ ಸೇತುವೆ ಈ ಲೆಕ್ಕದಲ್ಲೂ ಹತ್ತಿರ ಹತ್ತಿರ 24 ಮೀಟರು. ಜಗಲಿ, ಅಂಗಳ ದಾಟಿ ಪಕ್ಕದವರ ಬಾವಿಕಟ್ಟೆ ಮುಟ್ಟುತ್ತದೆ. ಅವರ ಜೊತೆ ಮೊದಲೇ ತೆಂಗಿನಕಾಯಿ ತಕರಾರು. ಹುಲ್ಲು ಸಾಕು ಅಂದುಕೊಂಡೆ.

ಹುಲ್ಲಿನಂಥ ನೈಲಾನ್ ಎಳೆಗಳನ್ನು ವಿದ್ಯುತ್ತಿನ ಸೆಳೆತದಿಂದ ಅಂಟಿನಲ್ಲಿ ನಿಲ್ಲಿಸುವ ಯಂತ್ರದ ಬೆಲೆ ನೋಡಿ ಸೊಳ್ಳೆಬ್ಯಾಟು ಬಿಚ್ಚಿದೆ. ಒಂದು ತಂತಿ ಚಾ ಸೋಸುವ ಸ್ಟೀಲ್ ಜರಡಿಗೆ, ಇನ್ನೊಂದು ಹಸಿ ಫೆವಿಕಾಲ್‌ಗೆ ಚುಚ್ಚಿದ ಮೊಳೆಗೆ. ಜರಡಿ ಅಲುಗಿಸಿದರೆ ಎಳೆಗಳು ಉದುರಿ ಸೆಟೆದು ನಿಲ್ಲಬೇಕು. ವಿಡಿಯೊದಲ್ಲಿ ನಿಲ್ಲುತ್ತವೆ. ಆ ವಿಡಿಯೊದವರು ಸ್ವೆಟರ್ ಹಾಕಿಕೊಂಡಿರುತ್ತಾರೆ. ನಮ್ಮಲ್ಲಿ ಆಷಾಢ. ಉಪ್ಪಿನ ಭರಣಿ ನೀರೊಡೆದಿದೆ, ಹಪ್ಪಳ ಚರ್ಮವಾಗಿದೆ, ಕಡ್ಡಿಪೆಟ್ಟಿಗೆ ನಾಲ್ಕು ಸಲ ಗೀರಿದರೂ ಹೊತ್ತುವುದಿಲ್ಲ. ಎಳೆಗಳೆಲ್ಲ ಮುದ್ದೆಗಟ್ಟಿ ಬಿದ್ದವು, ಗಾಳಿಮಳೆಗೆ ಮಲಗಿದ ಗದ್ದೆಯ ಹಾಗೆ. ಜರಡಿ ಸಮೇತ ಬಚ್ಚಲೊಲೆಯ ಮೇಲೆ, ಒದ್ದೆ ಬಟ್ಟೆಗಳ ಪಕ್ಕ ತೂಗುಹಾಕಿದೆ. ಸಾಯಂಕಾಲದ ಚಾ ಹೊತ್ತಿಗೆ ಮರೆತೂಬಿಟ್ಟೆ.

ಆ ಸಾಯಂಕಾಲವೇ ಸಿರಸಿಯಿಂದ ಭಾವ ಬರಬೇಕೇ! ಅವನಿಗೆ ಚಾವನ್ನು ಕರವಸ್ತ್ರದಲ್ಲಿ ಸೋಸಿ ಕೊಡಲಾಯಿತು. ಕರವಸ್ತ್ರ ನನ್ನದೇ ಎಂದು ಅವನಿಗೆ ಹೇಳಲಿಲ್ಲ. ಹಲಗೆಯನ್ನು ಬಹಳ ಹೊತ್ತು ನೋಡಿ ಹೇಳಿದ: "ಹಿತ್ಲಲ್ಲಿ ಸೊಂಟಮಟ ಹುಲ್ಲು ಬೆಳದ್ದು, ಕೊಯ್ಯಲೆ ಜನ ಇಲ್ಲೆ. ನೀನು ಒಳಗೆ ಕೂತ್ಗಂಡು ಹುಲ್ಲು ನೆಡ್ತಾ ಇದ್ದೆ."

ಗೇಣುದ್ದದ ಗರಿಕೆ ನನ್ನ ಹಲಗೆಯಲ್ಲಿ ಹತ್ತಿರ ಹತ್ತಿರ 20 ಮೀಟರಿನ ಮರವಾಗುತ್ತದೆ ಎಂದು ವಿವರಿಸಿದೆ. ಅವನಿಗೆ ರುಚಿಸಲಿಲ್ಲ. ರೈಲೇ ಇಲ್ಲದ ಊರಿನವನು ರೈಲುದಾರಿಯ ಹುಲ್ಲಿನ ಬಗ್ಗೆ ಮಾತಾಡುವುದು ನನಗೂ ರುಚಿಸಲಿಲ್ಲ.

ಆದರೆ ಅವನು ಸುಮ್ಮನಾಗಲಿಲ್ಲ. ಎಳೆಗಳ ಪೊಟ್ಟಣದ ಮೇಲೆ 'ಬೇಸಿಗೆ ಹಸಿರು' ಅಂತಿತ್ತು. ನಮ್ಮ ಬೇಸಿಗೆಯಲ್ಲಿ ಚಿರೆಕಲ್ಲಿನ ದಿಬ್ಬದ ಮೇಲೆ ಎಂಥ ಹಸಿರು? ಅದಕ್ಕೇ ಮೊದಲು ಅಂಟಿಸಿದ್ದ ಒಂದು ಮೂಲೆಯಲ್ಲಿ ಬುಡಕ್ಕೆಲ್ಲ ಕಂದು ಬಣ್ಣ ಬಳಿದು, ಕರಡ, ಅಂದರೆ ಬೆಟ್ಟದ ಒಣಹುಲ್ಲು, ಮಾಡಿದೆ ಅಂತ ಬೀಗುತ್ತಿದ್ದೆ. ಭಾವ ಬೆರಳು ತೋರಿಸಿದ: "ಹುಲ್ಲು ತುದಿಂದ ಒಣಗ್ತು ಮಾರಾಯ." ಬೆಟ್ಟದಲ್ಲಿ ಕರಡ ಕೊಯ್ದು ಕೈ ಒರಟಾದವನು. ಅವನು ಹೇಳಿದ್ದು ಸರಿ. ಅದೇ ಸಿಟ್ಟು. ಒಂದೊಂದೇ ತುದಿಗೆ ಕುಂಚ ಮುಟ್ಟಿಸುತ್ತ ಹತ್ತೂವರೆಯವರೆಗೆ ಕೂತೆ. ಅವನು ಪಕ್ಕದಲ್ಲಿ ಕವಳ ಹಾಕಿಕೊಂಡು, ಬಿಟ್ಟುಹೋದ ಎಳೆಗಳನ್ನು ಎಣಿಸುತ್ತ ಕೂತ.

ಹನ್ನೊಂದಕ್ಕೆ ಮಲಗುವ ಕೋಣೆಯಿಂದ ಚಟಾರ್ ಅಂತ ಹೊಡೆದುಕೊಂಡ ಸದ್ದು. ಆಮೇಲೆ ಇನ್ನೊಂದು.

"ಭಾವಾ, ಸೊಳ್ಳೆಬ್ಯಾಟು ಇದ್ದನಾ?"

ಇದೆ. ಅರ್ಧ ಬಚ್ಚಲಲ್ಲಿ, ಅರ್ಧ ಫೆವಿಕಾಲ್‌ನಲ್ಲಿ.

ಇಲ್ಲೆ ಅಂದೆ.