ತೋಡಿದವನೇ ಗುಂಡಿ ಮುಚ್ಚಬೇಕು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಸುಮಾರು 30 ಡಾಲರ್ ಕಟ್ಟಿದರೆ ‘ಮೈನರ್ಸ್ ರೈಟ್’ ಎಂಬ ಪರವಾನಗಿ ಸಿಗುತ್ತದೆ. ಹತ್ತು ವರ್ಷ ನಡೆಯುತ್ತದೆ. ಅದು ಜೇಬಿನಲ್ಲಿದ್ದರೆ ಸರ್ಕಾರಿ ಕಾಡಿನಲ್ಲಿ ಚಿನ್ನ ಹುಡುಕಬಹುದು. ಸಿಕ್ಕಿದ್ದು ಹುಡುಕಿದವನದೇ. ಬೆಂಡಿಗೋ ಊರಿಗೆ ಬಂದ ಹೊಸತರಲ್ಲಿ ನಾನು ಇದನ್ನು ನಂಬಲೇ ಇಲ್ಲ. ಗದಗ ಜಿಲ್ಲೆಯವನು ನಾನು. ನೆಲದೊಳಗಿನ ಚಿನ್ನ ಅಂದರೆ ಸರ್ಕಾರದ್ದು, ಇಲ್ಲವೇ ಕಂಪನಿಯದ್ದು ಅಂತಲೇ ಕೇಳಿ ಬೆಳೆದವನು.

ಹಾಗಂತ ಇಲ್ಲಿ ಮನಸ್ಸಿಗೆ ಬಂದಂತೆ ಅಗೆಯುವಂತಿಲ್ಲ. ಸಲಿಕೆ, ಗುದ್ದಲಿ, ಮಣ್ಣು ತೊಳೆಯುವ ಬಾಣಲೆ, ಲೋಹ ಹುಡುಕುವ ಡಿಟೆಕ್ಟರ್ ಇಷ್ಟೇ. ಯಂತ್ರ ಇಳಿಸುವಂತಿಲ್ಲ, ಸಿಡಿಮದ್ದು ಇಲ್ಲ, ಗಿಡಮರ ಕೆಡಿಸುವಂತಿಲ್ಲ. ಹೆಚ್ಚಿನ ರಾಷ್ಟ್ರೀಯ ಉದ್ಯಾನಗಳಿಗೆ ಕಾಲಿಡುವಂತೆಯೂ ಇಲ್ಲ. ತೋಡಿದ ಗುಂಡಿಯನ್ನು ತೋಡಿದವನೇ ಮುಚ್ಚಬೇಕು. ನಮ್ಮ ಪಕ್ಕದ ಮನೆಯ ಹಿರಿಯರ ಜೊತೆ ಒಂದೆರಡು ಸಲ ಹೋಗಿದ್ದೇನೆ. ಡಿಟೆಕ್ಟರ್ ಕೂಗಿದಲ್ಲಿ ಅಗೆಯುತ್ತಾರೆ. ಬಹಳ ಸಲ ತುಕ್ಕು ಹಿಡಿದ ಮೊಳೆ ಸಿಗುತ್ತದೆ. ಆದರೂ ಗುಂಡಿ ಮುಚ್ಚಿ, ಕಾಲಿನಿಂದ ತುಳಿದು, ಮೇಲೆ ಒಣಗಿದ ಎಲೆ ಹರಡಿಯೇ ಮುಂದೆ ಹೋಗುತ್ತಾರೆ. ನನಗೆ ಚಿನ್ನಕ್ಕಿಂತ ಜಾಸ್ತಿ ಇಷ್ಟವಾದದ್ದು ಅದು.

ಈ ಹಕ್ಕನ್ನು ಸರ್ಕಾರ ಸುಮ್ನೆ ಕೊಡಲಿಲ್ಲ. ಮೊದಲು ಚಿನ್ನ ಸಿಗಲಿ ಬಿಡಲಿ, ತಿಂಗಳಿಗೆ 30 ಶಿಲ್ಲಿಂಗ್ ಕಟ್ಟಬೇಕಿತ್ತು. ಪರವಾನಗಿ ಇಲ್ಲದವರನ್ನು ಪೊಲೀಸರು ಅಟ್ಟಿಸಿಕೊಂಡು ಹಿಡಿಯುತ್ತಿದ್ದರು. 1854ರ ಡಿಸೆಂಬರ್ 3ರಂದು ಇದೇ ರಾಜ್ಯದ ಬ್ಯಾಲರಟ್‌ ಊರಿನ ಯುರೇಕಾದಲ್ಲಿ ಅಗೆಯುವವರು ತಿರುಗಿಬಿದ್ದು ಪ್ರಾಣ ಕೊಟ್ಟರು. ಮರುವರ್ಷ ವರ್ಷಕ್ಕೆ ಒಂದು ಪೌಂಡಿನ ಮೈನರ್ಸ್ ರೈಟ್ ಬಂತು. ಅದರ ಜೊತೆ ಮತದಾನದ ಹಕ್ಕೂ ಬಂತು.

ನಮ್ಮ ಕಡೆ ಕೈಕೆಲಸ ಗೊತ್ತಿದ್ದವರು ಇರಲಿಲ್ಲವೇ? ಕಪ್ಪತಗುಡ್ಡದಿಂದ ಇಳಿಯುವ ಸೊರಟೂರು, ಡೋಣಿ ಕಡೆಯ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆದು ಚಿನ್ನದ ಹುಡಿ ತೆಗೆಯುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಈ ಗುಡ್ಡಗಳ ಚಿನ್ನದ ಬಗ್ಗೆ ಬರೆದಾಗ ಅವರ ಕೆಲಸವನ್ನೂ ನೋಡಿದ್ದ. ಕೋಲಾರದಲ್ಲೂ ಹಾಗೆಯೇ. 1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಜಾನ್ ವಾರನ್‌ಗೆ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದವರು ಅಲ್ಲಿನ ಹಳ್ಳಿಯವರೇ. ತೋರಿಸಿದವರು ಇವರು, ಪರವಾನಗಿ ಹೋದದ್ದು ಬೇರೆಯವರಿಗೆ. 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಬಂತು. ಗಣಿ ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಚಿನ್ನ ತೆಗೆದು ಉಳಿದ ಪುಡಿಯನ್ನು ಸುರಿದ, ಅಲ್ಲಿನವರು ‘ಸೈನೈಡ್ ದಿಬ್ಬ’ ಅನ್ನುವ ಬೂದು ಗುಡ್ಡಗಳು ಇನ್ನೂ ಅಲ್ಲೇ ಇವೆ. ಗಾಳಿ ಎದ್ದರೆ ಧೂಳು ಮನೆಯೊಳಗೆ ಬರುತ್ತದೆ. ಅಷ್ಟು ದೊಡ್ಡದಾಗಿ ತೋಡಿದವರನ್ನು ಮುಚ್ಚಿ ಹೋಗಿ ಅಂತ ಯಾರೂ ಹಿಡಿದು ಕೂರಿಸಲಿಲ್ಲ.

ವಿಕ್ಟೋರಿಯಾದ ರೀತಿಯನ್ನು ಹಾಗೇ ನಮ್ಮಲ್ಲಿ ತನ್ನಿ ಅನ್ನುತ್ತಿಲ್ಲ. ವಿಕ್ಟೋರಿಯಾದ ಕಾಡು ದೊಡ್ಡದು, ಜನ ಕಡಿಮೆ. ಈ ನೆಲದ ಮೂಲ ಒಡೆಯರಾದ ಜಾ ಜಾ ವುರಂಗ್ ಜನ ಇದನ್ನು ‘ತಲೆಕೆಳಗಾದ ನಾಡು’ ಅನ್ನುತ್ತಾರೆ. ಚಿನ್ನಕ್ಕಾಗಿ ನೆಲವನ್ನು ಬುಡಮೇಲು ಮಾಡಿದಾಗ ಅವರನ್ನು ಯಾರೂ ಕೇಳಲಿಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅದರ ಒಳಗೆ ಒಂದು ಹಾರೆಯೂ ಬೀಳಬಾರದು. ಕಂಪನಿಯ ಹಾರೆಯಂತೂ ಬೇಡವೇ ಬೇಡ.

ಆದರೆ ಇವತ್ತು ಗಣಿ ಗುತ್ತಿಗೆ ಹರಾಜಿನಲ್ಲಿ ಸಿಗುತ್ತದೆ. ಮರಳು ತೊಳೆಯುವ ಮರಿಗೆ ಹಿಡಿದು ಹಳ್ಳಕ್ಕೆ ಇಳಿಯುವವನು ಹರಾಜಿಗೆ ಹೋಗಲು ಆಗುತ್ತಾ? ಧಾಮದ ಹೊರಗಿನ ಹಳ್ಳಗಳಲ್ಲಿ, ಮಳೆಗಾಲ ಮುಗಿದ ಮೇಲೆ, ಯಂತ್ರವಿಲ್ಲದೆ, ಪಾದರಸವಿಲ್ಲದೆ ಮರಳು ತೊಳೆಯಲು ಜಲಗಾರರ ಮನೆತನದವರಿಗೆ ಒಂದು ಪರವಾನಗಿ ಕೊಡಬಹುದಲ್ವಾ? ಅವರ ಹೆಸರಿಗೇ ಕೊಡಿ, ಗುತ್ತಿಗೆದಾರನ ಹೆಸರಿಗಲ್ಲ. ಸಿಕ್ಕ ಹುಡಿ ಅವರದೇ ಆಗಲಿ, ಕೆದಕಿದ ಮರಳನ್ನು ಅವರೇ ಸರಿಮಾಡಲಿ.