ಸಾಧನೆ ಪ್ರಗತಿಯಲ್ಲಿದೆ

ಪಿಯು ಕಾಲೇಜಿನ ಅರ್ಜಿಯಲ್ಲಿ ತಂದೆಯ ಹೆಸರಿಗೆ ಒಂದು ಗೆರೆ, ಜಾತಿಗೆ ಒಂದು ಗೆರೆ, ರಕ್ತದ ಗುಂಪಿಗೆ ಅರ್ಧ ಗೆರೆ. ‘ಪಠ್ಯೇತರ ಚಟುವಟಿಕೆಗಳಲ್ಲಿ ಸಾಧನೆ’ ಎನ್ನುವಲ್ಲಿಗೆ ಬಂದರೆ ಮಾತ್ರ ಉದ್ದುದ್ದ ಐದು ಗೆರೆ. ಅದನ್ನು ಖಾಲಿ ಬಿಟ್ಟರೆ ಹುಡುಗ ಇಷ್ಟು ವರ್ಷ ಉಂಡು ಮಲಗಿದ ಅಂತ ಕಾಣುತ್ತದೆ. ತುಂಬಿಸುವ ಅಂದರೆ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಪ್ರಮಾಣಪತ್ರದ ಪ್ರತಿ ಲಗತ್ತಿಸಬೇಕು’ ಅಂತ ಬೇರೆ.

ಮಂಗಳೂರಿನಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ನಮ್ಮ ಓಣಿಯ ಇಂಥ ಅರ್ಜಿಗಳೆಲ್ಲ ನನ್ನ ಮನೆಗೆ ಬರುತ್ತವೆ. ನಾನು ಬ್ಯಾಂಕಿನಲ್ಲಿ ಇದ್ದವಳು. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಐದು ದೊಡ್ಡ ಬ್ಯಾಂಕುಗಳಲ್ಲಿ ಮೂರು, 2019 ಮತ್ತು 2020ರ ವಿಲೀನದಲ್ಲಿ ಹೆಸರು ಕಳೆದುಕೊಂಡವು. ಅದರಲ್ಲಿ ನನ್ನದೂ ಒಂದು. ಬೋರ್ಡು ಹೋಯಿತು, ಲೋಗೋ ಹೋಯಿತು, ನನ್ನ ಕೈಬರಹ ಮಾತ್ರ ಉಳಿಯಿತು. ಚೌಕಕ್ಕೊಂದು ಅಕ್ಷರ ಕೂರಿಸುವುದರಲ್ಲಿ ಈ ಓಣಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಈ ಸಲ ಬಂದದ್ದು ತಮ್ಮನ ಮಗನ ಅರ್ಜಿ. ಹುಡುಗ ಚುರುಕು. 625ಕ್ಕೆ 580ರ ಮೇಲೆ ಮಾರ್ಕು ಉಂಟು. ಅವನಿಗೆ ಆ ಐದು ಗೆರೆ ಖಾಲಿ ಬಿಡಲಿಕ್ಕೆ ಏನೂ ಬೇಸರ ಇರಲಿಲ್ಲ. ಬೇಸರ ಇದ್ದದ್ದು ಅವನ ಅಮ್ಮನಿಗೆ. ಅವಳು ಒಂದು ದಪ್ಪ ಪ್ಲಾಸ್ಟಿಕ್ ಫೈಲು ತಂದು ಮೇಜಿನ ಮೇಲೆ ದೊಪ್ಪೆಂದು ಹಾಕಿದಳು. ತೆರೆದರೆ ನಾಲ್ಕು ಮಳೆಗಾಲದ ಬೂಸಲು ವಾಸನೆ. ಒಳಗಿದ್ದ ಸರ್ಟಿಫಿಕೇಟುಗಳಲ್ಲಿ ಹುಡುಗನ ಹೆಸರಿನ ಸ್ಪೆಲ್ಲಿಂಗ್ ಒಂದರಂತೆ ಇನ್ನೊಂದು ಇರಲಿಲ್ಲ. ಆದರೆ ಎಲ್ಲದರಲ್ಲೂ ‘ಭಾಗವಹಿಸಿದ್ದಕ್ಕಾಗಿ’ ಅಂತ ತಪ್ಪದೆ ಇತ್ತು.

‘ಅಕ್ಕ, ನೀವು ಹೇಗಾದರೂ ಬರೆಯಿರಿ. ಚಂದ ಮಾಡಿ ಬರೆಯಿರಿ’ ಅಂದಳು.

ಮೊದಲ ಗೆರೆ ಯಕ್ಷಗಾನಕ್ಕೆ ಅಂತ ತೀರ್ಮಾನವಾಯಿತು. ಶಾಲೆಯಲ್ಲೇ ಗುರುಗಳು ಬಂದು ಕಲಿಸುತ್ತಿದ್ದರು. ಏಕತಾಳದ ಹೆಜ್ಜೆ ಬಂತು, ರೂಪಕ ಬಂತು, ತ್ರಿವುಡೆಗೆ ಬರುವಾಗ ಎಡಗಾಲು ಎಲ್ಲಿ, ಬಲಗಾಲು ಎಲ್ಲಿ ಅಂತ ಅವನಿಗೇ ಗೊತ್ತಾಗಲಿಲ್ಲ. ಆದರೂ ವಾರ್ಷಿಕೋತ್ಸವಕ್ಕೆ ವೇಷ ಸಿಕ್ಕಿತು. ದೇವೇಂದ್ರನ ಒಡ್ಡೋಲಗದಲ್ಲಿ ವಾಯು. ಮಕ್ಕಳ ಯಕ್ಷಗಾನಕ್ಕೆ ದೇವೇಂದ್ರನ ಸಭೆಯಷ್ಟು ಅನುಕೂಲದ ಜಾಗ ಮತ್ತೊಂದಿಲ್ಲ. ಎಷ್ಟು ಹೆತ್ತವರು ಬಂದು ಕೇಳಿದರೂ ಅಷ್ಟು ದೇವತೆಗಳನ್ನು ಸೇರಿಸಬಹುದು. ಆ ವರ್ಷ ಇಬ್ಬರು ಅಗ್ನಿಗಳಿದ್ದರು.

ವಾಯುವಿಗೆ ಮಾತಿಲ್ಲ. ಕುಣಿಯುತ್ತಾ ಬರಬೇಕು, ಸಾಲಿನಲ್ಲಿ ನಿಲ್ಲಬೇಕು, ಮಹಿಷಾಸುರ ಬಂದಾಗ ಸ್ವಲ್ಪ ಯುದ್ಧ ಮಾಡಿ ಸೋತು ಓಡಬೇಕು. ಮಹಿಷಾಸುರನ ವೇಷಕ್ಕೆ ಹೊರಗಿನಿಂದ ಅನುಭವಿ ಕಲಾವಿದರನ್ನು ಕರೆಸಿದ್ದರು. ಅವರು ಪದ್ಧತಿಯಂತೆ ಜನರ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ ಬೊಬ್ಬೆ ಹಾಕುತ್ತಾ ಬಂದರು. ಮಹಿಷ ರಂಗಸ್ಥಳಕ್ಕೆ ಕಾಲಿಡುವ ಮೊದಲೇ ನಮ್ಮ ವಾಯು ಚೌಕಿ, ಅಂದರೆ ವೇಷ ಕಟ್ಟುವ ಕೋಣೆ, ಸೇರಿದ್ದ. ಕಿರೀಟ ಮಾತ್ರ ರಂಗಸ್ಥಳದಲ್ಲೇ ಇತ್ತು. ಚೆಂಡೆಯವರು ಪಾಪ, ಆ ಓಟಕ್ಕೂ ಒಂದು ಮುಕ್ತಾಯ ನುಡಿಸಿದರು.

ನಾನು ಬರೆದೆ: ‘ಯಕ್ಷಗಾನ, ತೆಂಕುತಿಟ್ಟು. ದೇವಪಾತ್ರಗಳಲ್ಲಿ ಅಭಿನಯ.’

‘ಅತ್ತೆ, ಮಾಡಿದ್ದು ಒಂದೇ ಪಾತ್ರ. ಬಹುವಚನ ಯಾಕೆ?’

‘ವಾಯು ದೇವರಲ್ವಾ ಮಾರಾಯ. ಗೌರವಕ್ಕೆ.’

ಎರಡನೇ ಗೆರೆಗೆ ಸಂಗೀತ. ಕರ್ನಾಟಕ ಸಂಗೀತದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ಪರೀಕ್ಷೆಗಳ ಮೆಟ್ಟಿಲು ಉಂಟು. ಇವನು ಮೊದಲ ಮೆಟ್ಟಿಲಿನ ಕೆಳಗೆ ಚಪ್ಪಲಿ ಬಿಟ್ಟಲ್ಲೇ ನಿಂತಿದ್ದಾನೆ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಎಲ್ಲ ಮಾಯಾಮಾಳವಗೌಳದಲ್ಲಿ ಆಯಿತು. ಮಲಹರಿಯ ಗೀತೆ ಶುರುವಾಗಿ ಚಂದ ಹಾಡುತ್ತಿದ್ದ ಹೊತ್ತಿಗೆ ಸ್ವರ ಒಡೆಯಿತು. ಮೇಲಿನ ಷಡ್ಜಕ್ಕೆ ಹೋದವನು ಅಲ್ಲಿಂದ ಎಲ್ಲಿಗೆ ಬೀಳುತ್ತಾನೆ ಅಂತ ಟೀಚರಿಗೂ ಅಂದಾಜು ಸಿಗುತ್ತಿರಲಿಲ್ಲ. ‘ಸ್ವಲ್ಪ ಸಮಯ ಬಿಟ್ಟು ಬಾ’ ಅಂದರು. ಸ್ವರ ಸರಿಯಾಗುವಷ್ಟರಲ್ಲಿ ಟೆನ್ತ್ ಬಂತು.

ನಾನು ‘ಶಾಸ್ತ್ರೀಯ ಸಂಗೀತ: ಜೂನಿಯರ್ ಪರೀಕ್ಷೆಗೆ ತಯಾರಿ’ ಅಂತ ಪೆನ್ಸಿಲಿನಲ್ಲಿ ಬರೆದೆ.

‘ಕ್ಲಾಸ್ ಬಿಟ್ಟು ಎಷ್ಟೋ ಕಾಲ ಆಯ್ತಲ್ಲ’ ಅಂದ ಅವನು.

‘ತಯಾರಿಗೆ ಕ್ಲಾಸಿಗೆ ಹೋಗಲೇಬೇಕು ಅಂತ ಎಲ್ಲಿ ಉಂಟು?’ ಅಂದಳು ಅವನ ಅಮ್ಮ. ಸಾಲಕ್ಕೆ ಜಾಮೀನು ನಿಲ್ಲಿಸಬೇಕಾದ್ದು ಇಂಥವರನ್ನೇ.

ಮೂರನೆಯದು ಎನ್‌ಸಿಸಿ. ಇದು ನಿಜಕ್ಕೂ ಹೊಟ್ಟೆ ಉರಿಸಿದ ವಿಷಯ. ಹೈಸ್ಕೂಲಿನಲ್ಲಿ ಎರಡು ವರ್ಷ ಪರೇಡ್ ಮಾಡಿ, ಶೇಕಡಾ 75 ಹಾಜರಿ ಇದ್ದರೆ ‘ಎ’ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಬಹುದು. ಇವನು ಬಿಸಿಲಲ್ಲಿ ನಿಂತಿದ್ದಾನೆ, ಬೂಟಿಗೆ ಪಾಲಿಶ್ ಹಾಕಿದ್ದಾನೆ, ಹತ್ತು ದಿನದ ಕ್ಯಾಂಪಿಗೆ ಹೋಗಿ ಬಂದಿದ್ದಾನೆ. ಪರೀಕ್ಷೆಯ ದಿನ ಬೆಳಿಗ್ಗೆ ಮುಖದ ಮೇಲೆ ಕೋಟ್ಲೆ ಎದ್ದಿತು. ಚಿಕನ್ ಪಾಕ್ಸ್. ಸಾವಧಾನ್, ವಿಶ್ರಾಮ್ ಎರಡೂ ಬೇವಿನ ಸೊಪ್ಪಿನ ಮೇಲೆ ಆಯಿತು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಕರಾಟೆಯಲ್ಲಿ ಹಳದಿ ಬೆಲ್ಟ್. ಬೇಸಿಗೆ ಶಿಬಿರದಲ್ಲಿ ಈಜು, ಆದರೆ ನಿಂತರೆ ಕಾಲು ನೆಲಕ್ಕೆ ತಾಗುವ ಬದಿಯಲ್ಲಿ ಮಾತ್ರ. ಪ್ರತಿಭಾ ಕಾರಂಜಿಯಲ್ಲಿ ಕ್ಲೇ ಮಾಡೆಲಿಂಗ್, ಕ್ಲಸ್ಟರ್ ಮಟ್ಟದಲ್ಲಿ ದ್ವಿತೀಯ. ಸ್ಪರ್ಧೆಗೆ ಬಂದದ್ದು ಎಷ್ಟು ಮಂದಿ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಇನ್ನು ಹುಲಿವೇಷ. ಸಣ್ಣವನಿದ್ದಾಗ ಮಾರ್ನೆಮಿಗೆ, ಅಂದರೆ ನವರಾತ್ರಿಗೆ, ಮರಿಹುಲಿ ಆಗುತ್ತೇನೆ ಅಂತ ಹಟ ಹಿಡಿದು ಹೋಗಿದ್ದ. ಸೊಂಟದಿಂದ ಮೇಲೆ ಹಳದಿ ಬಳಿದು, ಎದೆಗೆ ಪಟ್ಟೆ ಎಳೆಯುವಾಗ ತುರಿಕೆ ಶುರುವಾಯಿತು. ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆಯುವ ತನಕ ಇಡೀ ಕೇರಿಗೆ ಕೇಳುವ ಹಾಗೆ ಕಿರುಚಿದ. ಹುಲಿ ಅಷ್ಟು ಗರ್ಜಿಸಿದ್ದನ್ನು ನಾನು ಯಾವ ಮೆರವಣಿಗೆಯಲ್ಲೂ ಕೇಳಿಲ್ಲ. ಅದನ್ನೂ ‘ಜಾನಪದ ಕಲೆ’ ಅಂತ ಬರೆಯಬಹುದಾ ಅಂತ ಅವಳು ಕೇಳಿದಳು. ಗೆರೆ ಮುಗಿದಿತ್ತು.

ಬರೆಯುತ್ತಾ ಹೋದ ಹಾಗೆ ನನಗೆ ಮಂಡೆಬಿಸಿ ಆದದ್ದು ಬೇರೆ ಕಾರಣಕ್ಕೆ. ಈ ಹುಡುಗನ ಚಟುವಟಿಕೆಗಳೆಲ್ಲ ಒಂದೇ ಜಾಗದಲ್ಲಿ ನಿಂತಿವೆ. ಇವನದ್ದು ಮಾತ್ರ ಅಲ್ಲ, ನಾನು ಅರ್ಜಿ ತುಂಬಿಸಿದ ಹೆಚ್ಚಿನ ಮಕ್ಕಳದ್ದೂ ಹಾಗೆಯೇ. ಒಂಬತ್ತನೇ ಕ್ಲಾಸಿನ ಮಾರ್ಚ್ ತನಕ ಮನೆಯಲ್ಲಿ ಗೆಜ್ಜೆ ಸದ್ದು, ಕೀಬೋರ್ಡ್ ಸದ್ದು, ಶಟಲ್ ಬ್ಯಾಟಿನ ಸದ್ದು. ಜೂನ್ ಬಂತೆಂದರೆ ‘ಟೆನ್ತ್ ಅಲ್ವಾ, ಕ್ಲಾಸ್ ಬಿಡಿಸಿದ್ದೇವೆ’. ತಬಲಾ ಅಟ್ಟಕ್ಕೆ ಹೋಗುತ್ತದೆ. ಬಿಡಿಸದವರ ಮನೆಗೆ ನೆಂಟರು ಬಂದು ‘ಇನ್ನೂ ಕಳಿಸ್ತೀರಾ?’ ಅಂತ, ಮಗು ಸಿಗರೇಟು ಸೇದುವುದನ್ನು ಕಂಡವರ ಮುಖದಲ್ಲಿ ಕೇಳುತ್ತಾರೆ. ಮುಂದಿನ ಮೇ ತಿಂಗಳಲ್ಲಿ ಅದೇ ಮಗುವಿನ ಕೈಗೆ ಅರ್ಜಿ ಕೊಟ್ಟು, ನಿನ್ನ ಸಾಧನೆ ಎಂತ, ಕಾಗದ ತೋರಿಸು ಅಂತ ಕೇಳುವುದು! ನ್ಯಾಯವಾಗಿ ಆ ಐದು ಗೆರೆಯಲ್ಲಿ ‘ಮನೆಯವರು ನಿಲ್ಲಿಸಿದರು’ ಅಂತ ಬರೆದು ತಂದೆ ತಾಯಿಯ ಸಹಿ ಹಾಕಿಸಬೇಕು.

ಕೊನೆಗೆ ನಾನು ಎಲ್ಲದರ ಮುಂದೆ ‘ಪ್ರಗತಿಯಲ್ಲಿದೆ’ ಅಂತ ಸೇರಿಸಿದೆ. ಸುಳ್ಳಲ್ಲ. ನಿಂತಿದೆ ಅಂತ ಯಾರೂ ಅಧಿಕೃತವಾಗಿ ಹೇಳಿಲ್ಲವಲ್ಲ. ಮಂಗಳೂರಿನವರಿಗೆ ಈ ಲೆಕ್ಕಾಚಾರ ವಿವರಿಸಬೇಕಾಗಿಲ್ಲ. ನಮ್ಮ ಪಂಪ್‌ವೆಲ್ ಫ್ಲೈಓವರ್ ಸುಮಾರು ಹತ್ತು ವರ್ಷ ಪ್ರಗತಿಯಲ್ಲೇ ಇತ್ತು. 2020ರ ಜನವರಿ ಕೊನೆಗೆ ಅದು ತೆರೆದಾಗ, ಅದರ ಮೇಲೆ ಜೋಕು ಮಾಡಿಯೇ ಹೆಸರು ಗಳಿಸಿದವರೆಲ್ಲ ನಿರುದ್ಯೋಗಿಗಳಾದರು.

ಹುಡುಗನಿಗೆ ಮಾತ್ರ ಸಮಾಧಾನ ಇಲ್ಲ. ‘ಕಾಲೇಜಿನವರು ಇದನ್ನು ಒಪ್ಪಲಿಕ್ಕಿಲ್ಲ ಅತ್ತೆ’ ಅಂತ ಮುಖ ಸಣ್ಣ ಮಾಡಿದ. ನಾನು ಅರ್ಜಿಯ ಜೊತೆ ಬಂದ ಕಾಲೇಜಿನ ಬಣ್ಣದ ಪುಸ್ತಕವನ್ನು ತೆರೆದೆ. ನಡುವಿನ ಎರಡು ಪುಟಕ್ಕೆ ಹರಡಿಕೊಂಡ ಈಜುಕೊಳ. ಬದಿಯಲ್ಲಿ ಕಂಪ್ಯೂಟರಿನಲ್ಲಿ ಹುಟ್ಟಿದ ಮೂವರು ಹುಡುಗರು. ಕೆಳಗೆ ಅದೇ ಇರುವೆ ಅಕ್ಷರದಲ್ಲಿ ‘ಉದ್ದೇಶಿತ’. ಮುಂದಿನ ಪುಟದಲ್ಲಿ ಒಳಾಂಗಣ ಕ್ರೀಡಾಂಗಣ, ‘ನಿರ್ಮಾಣ ಹಂತದಲ್ಲಿ’. ಪಕ್ಕದ ಮನೆಯ ಹುಡುಗಿ ಅಲ್ಲೇ ಪಿಯು ಮುಗಿಸಿ ಈಗ ಡಿಗ್ರಿಯಲ್ಲಿದ್ದಾಳೆ. ಅವಳ ಕಾಲದ ಪುಸ್ತಕ ತರಿಸಿ ನೋಡಿದೆವು. ಅದೇ ಕೊಳ, ಅದೇ ಮೂವರು. ಒಬ್ಬನ ಚಡ್ಡಿಯ ಬಣ್ಣ ಮಾತ್ರ ಬದಲಾಗಿತ್ತು. ಅಷ್ಟರ ಮಟ್ಟಿಗೆ ಪ್ರಗತಿ ಆಗಿದೆ ಅನ್ನಬೇಕು.

ಸಂದರ್ಶನಕ್ಕೆ ನಾನೂ ಹೋದೆ. ಮೇ ತಿಂಗಳ ಸೆಕೆ, ತಿರುಗುವ ಫ್ಯಾನಿನ ಕೆಳಗೆ ಸೀಟು ಹಿಡಿಯಲು ಸಂದರ್ಶನಕ್ಕಿಂತ ದೊಡ್ಡ ಪೈಪೋಟಿ. ಒಳಗೆ ಒಬ್ಬರು ಮೇಡಂ ಐದು ಗೆರೆಯನ್ನೂ ಓದಿದರು. ಓದಿದರು ಅಂತ ನಮಗೇ ಆಶ್ಚರ್ಯ.

‘ಯಕ್ಷಗಾನ ಮಾಡ್ತೀಯಾ? ಯಾವ ಪಾತ್ರ? ಒಂದು ಮಾತು ಹೇಳು ನೋಡುವ.’

‘ವಾಯು, ಮೇಡಂ. ಮಾತಿಲ್ಲ. ಓಡುವುದು ಮಾತ್ರ’ ಅಂದ ಅವನು. ಸತ್ಯ ಹೇಳುವ ಮಕ್ಕಳನ್ನು ಸಂದರ್ಶನಕ್ಕೆ ಕರೆದುಕೊಂಡು ಹೋಗಬಾರದು.

ಮೇಡಂ ನಕ್ಕರು. ‘ಹೆತ್ತವರಿಗೆ ಏನಾದರೂ ಕೇಳಲಿಕ್ಕೆ ಉಂಟಾ?’ ಅಂದರು. ತಮ್ಮನ ಹೆಂಡತಿ ಫೀಸಿನ ಬಗ್ಗೆ ಕೇಳುತ್ತಾಳೆ ಅಂದುಕೊಂಡೆ. ಅವಳು ಬಣ್ಣದ ಪುಸ್ತಕದ ನಡುವಿನ ಪುಟ ತೆರೆದು, ‘ಇದು ಎಲ್ಲಿ ಬರುತ್ತದೆ ಮೇಡಂ? ಇವನಿಗೆ ಈಜು ಮುಂದುವರಿಸಲಿಕ್ಕೆ ಉಂಟು’ ಅಂದಳು.

‘ಅದು... ಕೆಲಸ ಪ್ರಗತಿಯಲ್ಲಿದೆ’ ಅಂದರು ಮೇಡಂ. ಅಂದವರೇ ಅರ್ಜಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಹೆಚ್ಚು ಪ್ರಶ್ನೆ ಬರಲಿಲ್ಲ.

ಸೀಟು ಸಿಕ್ಕಿದ್ದು ಮಾರ್ಕಿಗೆ. ಆಫೀಸಿನ ಕ್ಲರ್ಕ್ ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ ಪ್ರಮಾಣಪತ್ರ ಎಲ್ಲ ಜೋಡಿಸಿ ಸ್ಟೇಪ್ಲರ್ ಹೊಡೆದ. ಪಿನ್ನು ಸರಿಯಾಗಿ ವಾಯುದೇವರ ಮೇಲೆ ಕೂತಿತು. ಫೈಲು ತುಂಬ ಇದ್ದ ಸರ್ಟಿಫಿಕೇಟುಗಳನ್ನು ಅವನು ‘ಇದು ಬೇಡ’ ಅಂತ ವಾಪಸ್ ತಳ್ಳಿದ. ತಮ್ಮನ ಹೆಂಡತಿ ಅದನ್ನೆಲ್ಲ ಲ್ಯಾಮಿನೇಟ್ ಮಾಡಿಸಿದ ಖರ್ಚು ಹೇಳಿದರೆ ನಿಮಗೂ ಬೇಜಾರಾಗುತ್ತದೆ.

ಈಗ ಹುಡುಗ ಕಾಲೇಜಿನ ಎನ್‌ಸಿಸಿಗೆ ಹೆಸರು ಕೊಟ್ಟಿದ್ದಾನೆ. ಅಲ್ಲಿ ಎರಡು ವರ್ಷ ಮಾಡಿದರೆ ‘ಬಿ’ ಸರ್ಟಿಫಿಕೇಟಿಗೆ ಪರೀಕ್ಷೆ. ಅದಕ್ಕೂ ಒಂದು ಅರ್ಜಿ, ನಿನ್ನೆ ಸಂಜೆ ನನ್ನ ಮೇಜಿಗೆ ಬಂದಿದೆ. ‘ಎ ಸರ್ಟಿಫಿಕೇಟ್ ಇದೆಯೇ?’ ಅಂತ ಕೇಳಿ, ಹೌದು, ಇಲ್ಲ ಅಂತ ಎರಡೇ ಚೌಕ ಕೊಟ್ಟಿದ್ದಾರೆ. ಎರಡರ ನಡುವೆ ಸ್ವಲ್ಪ ಜಾಗ ಉಂಟು. ನನ್ನ ಅಕ್ಷರ ಅಲ್ಲಿ ಹಿಡಿಸುತ್ತದೆ.